ಐಗಳಿಗೆ ಐಗಳಾದವರು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಗೆ ಸಾಲಿಮಠ ಎಂಬ ಅಡ್ಡಹೆಸರು ಕಿವಿಗೆ ಹೊಸತಲ್ಲ. ಸಾಲಿಯೂ ಮಠವೂ ಬೇರೆಯಾಗಿರದ ಕಾಲದ ಗುರುತು ಅದು. ಐಗಳು ಪಡಸಾಲೆಯಲ್ಲಿ ಕುಳಿತಿರುವರು. ಮಕ್ಕಳು ನೆಲದ ಮೇಲೆ ಉಸುಕು ಹರವಿ ಬೆರಳಿನಿಂದ ಅಕ್ಷರ ತಿದ್ದುವರು. ನಮ್ಮ ಹಿರಿಯರು ಕಂಡ ಶಾಲೆ ಇದು. ಆದರೆ ಆ ಐಗಳಿಗೆ ಕಲಿಸುವ ವಿದ್ಯೆಯನ್ನು ಕಲಿಸಿದವರಾರು?

ಈ ಪ್ರಶ್ನೆ ನನ್ನ ಮನಸ್ಸಿಗೆ ಬಂದುದಕ್ಕೆ ಕಾರಣವುಂಟು. ಹೈಸ್ಕೂಲು ಶಿಕ್ಷಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಕರಡನ್ನು ತಂದು ತೋರಿಸಿದ. ಕನ್ನಡ, ಗಣಿತ, ವಿಜ್ಞಾನ ಮೊದಲಾದ ವಿಷಯಗಳ ಮುಖ್ಯಸ್ಥರಿಗೆ ಐದು ದಿನ ತರಬೇತಿ ಕೊಡುವ ಯೋಜನೆ. ದಾಖಲೆ ಇಡುವುದು, ವರದಿ ಕಳಿಸುವುದು, ಹಾಜರಿ ನೋಡುವುದು ಎಲ್ಲವೂ ಅದರಲ್ಲಿ ಇದ್ದಿತು. ಒಬ್ಬರ ಪಾಠವನ್ನು ಮತ್ತೊಬ್ಬರು ಕುಳಿತು ನೋಡಿ, ಅದರ ಗುಣದೋಷ ಮಾತಾಡುವುದಕ್ಕೆ ಮಾತ್ರ ಒಂದು ತಾಸೂ ಇರಲಿಲ್ಲ. “ಸರ್, ಇದರಾಗ ಸಾಲಿ ಎಲ್ಲೈತ್ರಿ?” ಎಂದು ಆತ ಕೇಳಿದ. ಉತ್ತರ ಹುಡುಕುತ್ತ ನಾನು ಹಿಂದಕ್ಕೆ ಹೋಗಬೇಕಾಯಿತು.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದನು. ನಮ್ಮ ನೆರೆಯ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಜಿಲ್ಲೆಯ ಜನ ಹತ್ತಿರ ಹತ್ತಿರ ಹತ್ತು ಲಕ್ಷ, ಶಾಲೆಗಳು 533, ಓದುವ ಮಕ್ಕಳು 6,641. ಶಾಲೆಗಳಲ್ಲಿ ಕನ್ನಡದವು 235. ತುಂಗಭದ್ರೆಯ ಆಚೆಯ ಹಳ್ಳಿಯ ಮಠಕ್ಕೂ ಈಚೆಯ ಮಠಕ್ಕೂ ಕಲಿಸುವ ರೀತಿಯಲ್ಲಿ ದೊಡ್ಡ ಭೇದವಿರಲಿಕ್ಕಿಲ್ಲ. ಆದ್ದರಿಂದ ಆ ವರದಿ ನಮಗೂ ಕನ್ನಡಿಯೇ.

ಕ್ಯಾಂಪ್‌ಬೆಲ್ ಒಂದು ಸಂಗತಿಯನ್ನು ಮನಸಾರೆ ಮೆಚ್ಚಿದ್ದಾನೆ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುವರು. ಕಲಿಸುತ್ತ ತಮ್ಮ ಕಲಿಕೆಯನ್ನೇ ಗಟ್ಟಿಮಾಡಿಕೊಳ್ಳುವರು. ಐಗಳ ಕಣ್ಣು ಇಡೀ ಶಾಲೆಯ ಮೇಲೆ ಇರುವುದು. ಇದು ಇಂಗ್ಲೆಂಡಿಗೂ ಅನುಕರಣೀಯವೆಂದು ಆತನ ಅಭಿಪ್ರಾಯ. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ನಮ್ಮ ದಕ್ಷಿಣದ ಈ ಪದ್ಧತಿಯನ್ನೇ ನೋಡಿ ಕಲಿತು, 1797ರಲ್ಲಿ ಲಂಡನ್ನಿನಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ್ದನು. ಆದರೆ ಕ್ಯಾಂಪ್‌ಬೆಲ್ ಎರಡು ದೊಡ್ಡ ಕೊರತೆಗಳನ್ನೂ ಮುಚ್ಚಿಡದೆ ಹೇಳಿದ್ದಾನೆ: ಓದುವ ಪುಸ್ತಕಗಳು ತಕ್ಕವಲ್ಲ, ಸಮರ್ಥ ಗುರುಗಳೂ ಇಲ್ಲ. ಹುಡುಗನಿಗೆ ಹಿರಿಯ ಹುಡುಗನಿದ್ದ. ಐಗಳಿಗೆ ಮಾತ್ರ ಯಾರೂ ಇರಲಿಲ್ಲ.

ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಸೀಮೆಯಲ್ಲಿ ಕೊರತೆ ಇನ್ನೂ ಒಂದು ಬಗೆಯದು. ಕನ್ನಡ ಮನೆಯ ಮಕ್ಕಳು ಶಾಲೆಯಲ್ಲಿ ಮರಾಠಿ ಓದಬೇಕಾಗುತ್ತಿದ್ದ ಕಾಲವದು. 1854ರ ವುಡ್ಡನ ಆಜ್ಞಾಪತ್ರದ ತರುವಾಯ ವಿದ್ಯಾಖಾತೆಯೂ ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲುಗಳೂ ಬಂದುವು. ಇಲ್ಲಿಯೇ ಧಾರವಾಡದ ಚನ್ನಬಸಪ್ಪನವರ ಹೆಸರು ಬರುತ್ತದೆ. ಅವರು ಮೊದಲು ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರು. ಆಮೇಲೆ ಡೆಪ್ಯುಟಿ ಇನ್ಸ್‌ಪೆಕ್ಟರು. ಜನರ ಬಾಯಲ್ಲಿ ‘ಡೆಪ್ಯುಟಿ ಚನ್ನಬಸಪ್ಪ’ನವರೆಂದೇ ಉಳಿದರು. ಕ್ರಮವನ್ನು ವಾಚಕರು ಗಮನಿಸಬೇಕು. ತಾವೇ ಶಿಕ್ಷಕರನ್ನು ತಯಾರಿಸಿದವರು ಮುಂದೆ ಶಾಲೆಗಳ ತಪಾಸಣೆಗೆ ಹೋದರು. ತಪ್ಪನ್ನು ಬರೆದುಕೊಂಡು ಬರುವ ಅಧಿಕಾರಿಗೂ, ತಪ್ಪನ್ನು ತಿದ್ದಿ ತೋರಿಸಬಲ್ಲ ಗುರುವಿಗೂ ಇರುವ ಅಂತರ ಇದೇ. ಕನ್ನಡ ಶಾಲೆ ತೆರೆಯಬೇಕಾದರೆ ಕನ್ನಡದಲ್ಲಿ ಕಲಿಸಬಲ್ಲವರು ಬೇಕು, ಅವರ ಕೈಗೆ ಕನ್ನಡ ಪುಸ್ತಕ ಬೇಕು ಎಂಬುದನ್ನು ಅವರು ಅರಿತಿದ್ದರು. ಅವರ ಕಾಲದಲ್ಲಿಯೇ, 1865ರಲ್ಲಿ, ‘ಮಠಪತ್ರಿಕೆ’ ಹೊರಟಿತು. ಶಿಕ್ಷಕರಿಗಾಗಿ ಹೊರಟ ಪತ್ರಿಕೆಗೆ ‘ಮಠ’ದ ಹೆಸರು! ಹಳೆಯ ಐಗಳನ್ನು ದೂಡದೆ ಅವರನ್ನೇ ಕೈಹಿಡಿದು ನಡೆಯಿಸುವ ಸೌಜನ್ಯ ಆ ಹೆಸರಿನಲ್ಲಿಯೇ ಇದೆ. ವೆಂಕಟ ರಂಗೋ ಕಟ್ಟಿಯವರಂಥವರು ಪಠ್ಯಪುಸ್ತಕ ಬರೆದು ಈ ಕೆಲಸಕ್ಕೆ ಹೆಗಲು ಕೊಟ್ಟರು. ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡರು.

ಅವರು ಊರಿದ ಬೀಜ ಮುಂದೆ ಜನರ ಕೈಯಲ್ಲಿ ಬೆಳೆಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದುವು. ಇಳಕಲ್ಲಿನಲ್ಲಿ ವಿಜಯಮಹಾಂತೇಶ ಮಠದ ಆಶ್ರಯದಲ್ಲಿ ವಿದ್ಯಾಸಂಸ್ಥೆಗಳು ಬೆಳೆದುವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ಏರ್ಪಾಡಾಯಿತು. ಬಾಗಲಕೋಟೆ ಜಿಲ್ಲೆಯ ಡಯಟ್ ಇರುವುದು ಇಳಕಲ್ಲಿನಲ್ಲಿ. ಮಠ ಕಟ್ಟಿದ ಜನರ ನಾಡಿಗೆ ಈಗ ಐಗಳಿಗೆ ಕಲಿಸುವ ಮನೆಯೂ ಇದೆ.

2020ರ ನೀತಿಯು ಶಾಲೆಯ ಮುಖ್ಯಸ್ಥರಿಗೂ ವರ್ಷಕ್ಕೆ ಕನಿಷ್ಠ 50 ತಾಸುಗಳ ತರಬೇತಿ ಇರಬೇಕೆನ್ನುತ್ತದೆ. ಆಡಳಿತದೊಡನೆ ಪಾಠದ ವಿಷಯವೂ ಕಲಿಸುವ ಕ್ರಮವೂ ಅದರಲ್ಲಿ ಸೇರಿರಬೇಕೆನ್ನುತ್ತದೆ. ಐವತ್ತು ತಾಸು ಸಣ್ಣದೇನಲ್ಲ. ಅದು ಯಾವುದರಲ್ಲಿ ಕಳೆಯುವುದೆಂಬುದೇ ಪ್ರಶ್ನೆ. ಬಿಸಿಯೂಟದ ಲೆಕ್ಕವೂ ಬೇಕು, ವರದಿಯೂ ಬೇಕು. ಅವಿಲ್ಲದೆ ಶಾಲೆ ನಡೆಯದು. ಆದರೆ ಅವಷ್ಟರಿಂದಲೇ ಒಬ್ಬ ಹುಡುಗಿಗೂ ಭಿನ್ನರಾಶಿ ತಿಳಿಯಲಾರದು. ವಿಷಯ ಮುಖ್ಯಸ್ಥನು ಕಿರಿಯ ಶಿಕ್ಷಕನ ಪಾಠದಲ್ಲಿ ಹಿಂದಿನ ಬೆಂಚಿನ ಮೇಲೆ ಕೂಡಬೇಕು; ಹುಡುಗರ ಪಾಟಿ ನೋಡಬೇಕು; ಮರುದಿನ ಅದೇ ಪಾಠವನ್ನು ತಾನು ಮಾಡಿ ತೋರಿಸಿ, ಟೀಕೆಯನ್ನೂ ಕೇಳಿಕೊಳ್ಳಬೇಕು. ಇಳಕಲ್ಲಿನ ನೇಕಾರ ಮಗನಿಗೆ ಮಗ್ಗ ಕಲಿಸುವುದೂ ಮಗ್ಗದ ಹತ್ತಿರ ಕೂಡಿಸಿಕೊಂಡೇ ಅಲ್ಲವೆ?

ಹಾಗೆಂದು ಹುಡುಗನ ಕರಡಿನಲ್ಲಿ ಎರಡು ದಿನ ಹೊಡೆದುಹಾಕಿ, “ಈ ಎರಡೂ ದಿನ ಸಾಲಿಯೊಳಗ” ಎಂದು ಅಂಚಿನಲ್ಲಿ ಬರೆದುಕೊಟ್ಟೆ. ಒಪ್ಪುವರೋ ಬಿಡುವರೋ ತಿಳಿಯದು. ಒಪ್ಪಿದರೆ, ಡೆಪ್ಯುಟಿಯವರ ಕೆಲಸವನ್ನು ನಾವು ಇನ್ನೊಂದು ಗೇಣು ಮುಂದೆ ನಡೆಸಿದಂತಾದೀತು.