ಅನ್ನನಾಳದ ಅಟ್ರೀಸಿಯಾ: ಶಿಶುವಿನ ಉಸಿರಾಟದ ತೊಂದರೆ

ಅನ್ನನಾಳ ಹೊಟ್ಟೆ ಮುಟ್ಟದೆ ನಡುವೆಯೇ ಮುಚ್ಚಿಕೊಂಡಿರುವ ಹುಟ್ಟುದೋಷ. ಹೆಸರು ಅನ್ನನಾಳದ್ದಾದರೂ ಮೊದಲ ಪೆಟ್ಟು ಉಸಿರಿಗೆ. ನುಂಗಲಾಗದ ಜೊಲ್ಲು ಬಾಯಲ್ಲಿ ನೊರೆನೊರೆಯಾಗಿ ಉಕ್ಕುತ್ತದೆ. ಹಾಲು ಕೊಟ್ಟೊಡನೆ ಕೂಸು ಕೆಮ್ಮಿ ನೀಲಿಗಟ್ಟುತ್ತದೆ. ಶೇ. 85ರಷ್ಟು ಮಕ್ಕಳಲ್ಲಿ ಅನ್ನನಾಳದ ಕೆಳತುಂಡು ಶ್ವಾಸನಾಳಕ್ಕೆ ಕೂಡಿಕೊಂಡಿರುವುದರಿಂದ ಜಠರದ ಆಮ್ಲ ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ತರುತ್ತದೆ. ಬಾಯಿಂದ ಇಳಿಸಿದ ನಳಿಕೆ ಸುಮಾರು 10 ಸೆಂ.ಮೀ.ಗೆ ತಡೆದು ನಿಂತರೆ ಅನುಮಾನ ಬಲವಾಗುತ್ತದೆ. 1941ರಲ್ಲಿ ಅಮೆರಿಕದ ಕ್ಯಾಮರೂನ್ ಹೈಟ್ ಎರಡು ತುದಿಗಳನ್ನು ನೇರವಾಗಿ ಜೋಡಿಸಿ ಮಗುವನ್ನು ಉಳಿಸಿದರು. ಹೊಲಿಗೆ ಮಾಗಿದರೂ, ಶ್ವಾಸನಾಳ ಮೆತ್ತಗಿರುವುದರಿಂದ ನಾಯಿ ಬೊಗಳಿದಂಥ ಕೆಮ್ಮು ವರ್ಷಗಟ್ಟಲೆ ಉಳಿಯಬಹುದು. ಸಂಡೂರು ತಾಲ್ಲೂಕಿನ ಚೋರನೂರಿನಂಥ ಊರಿಂದ ಶಸ್ತ್ರಚಿಕಿತ್ಸೆಗೆ ದೂರ ಸಾಗಿಸುವಾಗ ಹಾಲು, ಜೇನು, ಸಕ್ಕರೆನೀರು ಯಾವುದೂ ಕೂಡದು; ತಲೆ ಎತ್ತರಿಸಿ, ಜೊಲ್ಲನ್ನು ಆಗಾಗ ಹೀರಿ ತೆಗೆಯುತ್ತ ಒಯ್ಯಬೇಕು.