ಪಾಲಕತ್ವದಿಂದ ಪುತ್ರತ್ವಕ್ಕೆ

ನಮ್ಮ ಅನಾಥಾಲಯಗಳ ಶಿಶುಗಳನ್ನು ಕಡಲಾಚೆಗೆ ಕರೆದೊಯ್ದ ವಿದೇಶೀ ದಂಪತಿಗಳು ಬಹುಕಾಲ ಇಲ್ಲಿಂದ ಹೊರಟದ್ದು ತಂದೆತಾಯಿಗಳಾಗಿ ಅಲ್ಲ, ಕೇವಲ ಪಾಲಕರಾಗಿ. 1956ರ ದತ್ತಕ ಕಾಯಿದೆಯು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಅವರು 1890ರ ಪಾಲಕರ ಕಾಯಿದೆಯ ಮೇರೆಗೆ ನ್ಯಾಯಾಲಯದ ಅಪ್ಪಣೆ ಪಡೆದು, ಸ್ವದೇಶದಲ್ಲಿ ದತ್ತುವಿಧಿಯನ್ನು ಪೂರೈಸಬೇಕಾಗಿತ್ತು. ನಮ್ಮ ಕ್ರೈಸ್ತ ಕುಟುಂಬಗಳ ಸ್ಥಿತಿ ಇನ್ನೂ ಶೋಚನೀಯ. ಪರದೇಶದವರಿಗೆ ಅವರ ನಾಡಿನಲ್ಲಾದರೂ ಕಾನೂನಿತ್ತು. ನಮಗೆ ಅದೂ ಇರಲಿಲ್ಲ. ತೊಟ್ಟಿಲಿನಿಂದ ಸಾಕಿದ ಕೂಸು ಕಾಯಿದೆಯ ಕಣ್ಣಿಗೆ ಪಾಲ್ಯವಾಗಿಯೇ ಉಳಿಯುತ್ತಿತ್ತು.

1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು, ವಿದೇಶಕ್ಕೆ ಮಕ್ಕಳನ್ನು ಕಳುಹಿಸುವಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಬರೆದರು. ಆ ಪತ್ರವೇ ರಿಟ್ ಅರ್ಜಿಯಾಗಿ, 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ತೀರ್ಪು ಹೊರಬಿದ್ದಿತು. ಮೊದಲು ಸ್ವದೇಶದಲ್ಲೇ ಮನೆ ಹುಡುಕಬೇಕು. ವಿದೇಶೀ ದಂಪತಿಗಳ ಗೃಹಸ್ಥಿತಿಯ ವರದಿಯು ಅಂಗೀಕೃತ ಸಂಸ್ಥೆಯ ಮೂಲಕವೇ ಬರಬೇಕು. ಮಗುವನ್ನು ಒಪ್ಪಿಸುವ ತೀರ್ಮಾನವನ್ನು ಹೆರಿಗೆಗೆ ಮುಂಚೆಯಾಗಲಿ, ಹೆತ್ತ ಮೂರು ತಿಂಗಳೊಳಗಾಗಲಿ ತಾಯಿಯಿಂದ ಪಡೆಯಕೂಡದು. ಈ ಕೊನೆಯ ನಿಯಮವೇ ನಮಗೆ ಅತ್ಯಂತ ಮಾನವೀಯವಾಗಿ ತೋರುತ್ತದೆ. ದಾರಿದ್ರ್ಯವೂ ಲೋಕಾಪವಾದದ ಭೀತಿಯೂ ಬಾಣಂತಿಯ ಕೈಹಿಡಿದು ಹೆಬ್ಬೆಟ್ಟು ಒತ್ತಿಸಬಹುದಲ್ಲವೇ?

1990ರಲ್ಲಿ ಕೇಂದ್ರದ ದತ್ತು ಪ್ರಾಧಿಕಾರ ಸ್ಥಾಪಿತವಾಯಿತು. 2003ರಲ್ಲಿ ಭಾರತವು ಹೇಗ್ ಒಪ್ಪಂದವನ್ನು ಸ್ಥಿರೀಕರಿಸಿತು. ಆದರೆ ನಮ್ಮವರ ಪಾಲಿಗೆ ಬಾಗಿಲು ತೆರೆದದ್ದು 2000ರ ಬಾಲನ್ಯಾಯ ಕಾಯಿದೆ ಮತ್ತು ಅದರ 2006ರ ತಿದ್ದುಪಡಿ. ಮತಭೇದವಿಲ್ಲದೆ, ಅದರ ಮೇರೆಗೆ ದತ್ತು ಪಡೆದ ಮಗು ಪಾಲ್ಯವಲ್ಲ, ಸಕಲ ಹಕ್ಕುಗಳುಳ್ಳ ಧರ್ಮಸಮ್ಮತ ಸಂತಾನವೇ ಆಯಿತು.