ಯುದ್ಧಭೂಮಿಯಿಂದ ತಾಯ್ನಾಡಿಗೆ: ಫಿಲಿಪೀನ್ಸ್ ಕಾರ್ಮಿಕರ ತೆರವು ಕಲಿಸುವ ಪಾಠ

ಯುದ್ಧ ಆರಂಭವಾದ ದೇಶದಿಂದ ತನ್ನ ಪ್ರಜೆಗಳನ್ನು ಕರೆತರುವುದೆಂದರೆ ವಿಮಾನ ಕಳುಹಿಸುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ವಿಮಾನವನ್ನೇರುವುದು ಕೊನೆಯ ಹೆಜ್ಜೆ. ಯಾರು ಎಲ್ಲಿದ್ದಾರೆ, ಅವರ ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಬರಿಗೈಯಲ್ಲಿ ಮರಳಲು ಅವರು ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆಗಳು ಅದಕ್ಕೂ ಮೊದಲು ಏಳುತ್ತವೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯನ್ನು ನೆಚ್ಚಿಕೊಂಡ ಮನೆಗಳ ಮಕ್ಕಳೂ ಓದುತ್ತಿರುವುದರಿಂದ, ಫಿಲಿಪೀನ್ಸ್‌ನ ಅನುಭವವನ್ನು ನಾವು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ವ್ಯವಸ್ಥೆ ಮತ್ತು ನಿಧಿ

1974ರ ಕಾರ್ಮಿಕ ಸಂಹಿತೆಯ ಕಾಲದಿಂದ ಫಿಲಿಪೀನ್ಸ್ ಸರ್ಕಾರವೇ ವಿದೇಶಿ ಉದ್ಯೋಗವನ್ನು ಉತ್ತೇಜಿಸುತ್ತ ಬಂದಿದೆ. 1977ರಲ್ಲಿ ಆರಂಭವಾದ ಕಲ್ಯಾಣ ನಿಧಿಯು ಮುಂದೆ ಸಾಗರೋತ್ತರ ಕಾರ್ಮಿಕರ ಕಲ್ಯಾಣ ಆಡಳಿತವಾಗಿ ಬೆಳೆಯಿತು. ಪ್ರತಿ ಒಪ್ಪಂದಕ್ಕೆ 25 ಅಮೆರಿಕನ್ ಡಾಲರ್ ಸದಸ್ಯತ್ವ ಶುಲ್ಕವೇ ಈ ನಿಧಿಯ ಮೂಲ. 1995ರ ವಲಸೆ ಕಾರ್ಮಿಕರ ಕಾಯ್ದೆಯು ಕಾರ್ಮಿಕರನ್ನು ಮರಳಿ ಕರೆತರುವ ಮೊದಲ ಹೊಣೆಯನ್ನು ನೇಮಕಾತಿ ಏಜೆನ್ಸಿಯ ಮೇಲೆ ಹೊರಿಸಿತು. ಯುದ್ಧ, ವಿಪತ್ತುಗಳ ಸಂದರ್ಭದಲ್ಲಿ ಆ ಹೊಣೆಯನ್ನು ಕಲ್ಯಾಣ ಆಡಳಿತಕ್ಕೆ ಒಪ್ಪಿಸಿ, 10 ಕೋಟಿ ಪೆಸೊಗಳ ತುರ್ತು ನಿಧಿಯನ್ನೂ ಸ್ಥಾಪಿಸಿತು.

ಅಪಾಯವನ್ನು ಅಳೆಯಲು ನಾಲ್ಕು ಹಂತಗಳಿವೆ. ಮೊದಲನೆಯದು ಮುನ್ನೆಚ್ಚರಿಕೆ, ಎರಡನೆಯದು ಸಂಚಾರ ನಿರ್ಬಂಧ, ಮೂರನೆಯದು ಸ್ವಇಚ್ಛೆಯ ವಾಪಸಾತಿ, ನಾಲ್ಕನೆಯದು ಕಡ್ಡಾಯ ತೆರವು.

ಲೆಬನಾನ್, 2006

ಆ ವರ್ಷ ಜುಲೈ 12ರಂದು ಇಸ್ರೇಲ್ ಮತ್ತು ಹಿಜ್ಬುಲ್ಲಾ ನಡುವೆ ಯುದ್ಧ ಆರಂಭವಾದಾಗ ಲೆಬನಾನಿನಲ್ಲಿ ಸುಮಾರು 30,000 ಫಿಲಿಪಿನೊಗಳಿದ್ದರು. ಅವರಲ್ಲಿ ಬಹುಪಾಲು ಮನೆಗೆಲಸದ ಮಹಿಳೆಯರು. ಮರುದಿನವೇ ಬೈರೂತ್ ವಿಮಾನ ನಿಲ್ದಾಣದ ಮೇಲೆ ಬಾಂಬ್ ಬಿದ್ದಿತು. ಕಡಲ ದಾರಿಗೂ ದಿಗ್ಬಂಧನ ಬಿತ್ತು. ಉಳಿದದ್ದು ಸಿರಿಯಾದ ದಮಾಸ್ಕಸ್‌ಗೆ ಹೋಗುವ ರಸ್ತೆ. ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ನೆರವಿನಿಂದ ಬಸ್ಸುಗಳಲ್ಲಿ ಗಡಿ ದಾಟಿ ಅವರು ವಿಮಾನ ಹಿಡಿದರು. ಬೈರೂತಿನ ಒಂದು ಚರ್ಚು ನೂರಾರು ಮಹಿಳೆಯರಿಗೆ ಆಶ್ರಯತಾಣವಾಯಿತು.

ಅಲ್ಲಿಯವರೆಗೆ ತಲುಪುವುದೇ ದೊಡ್ಡ ಸವಾಲಾಗಿತ್ತು. ಕಫಾಲಾ ಪದ್ಧತಿಯಲ್ಲಿ ಕೆಲಸಗಾರರ ವಾಸದ ಪರವಾನಗಿ ಮಾಲೀಕನಿಗೆ ಅಂಟಿಕೊಂಡಿರುತ್ತದೆ. ಪಾಸ್‌ಪೋರ್ಟ್ ಕೂಡ ಸಾಮಾನ್ಯವಾಗಿ ಆತನ ಬಳಿಯೇ ಇರುತ್ತದೆ. ಕೆಲವು ಮಾಲೀಕರು ಕೆಲಸದವರನ್ನು ಬಿಟ್ಟುಕೊಡಲಿಲ್ಲ. ಕೆಲವರು ಮನೆಯೊಳಗೆ ಬೀಗ ಹಾಕಿ ತಾವು ಪಲಾಯನ ಮಾಡಿದರು. ಮಹಡಿಯಿಂದ ಹಾರಿ ತಪ್ಪಿಸಿಕೊಳ್ಳಲು ಯತ್ನಿಸಿ ಗಾಯಗೊಂಡವರೂ ಇದ್ದರು. ಕೊನೆಗೆ ಮರಳಿದವರು ಸುಮಾರು 6,000 ಮಂದಿ, ಅಂದರೆ ಐವರಲ್ಲಿ ಒಬ್ಬರು. ಕಾರ್ಮಿಕರ ಹೆಸರಿನಲ್ಲಿ ಕೂಡಿಟ್ಟ ನಿಧಿಯ ಬಳಕೆಯ ಕುರಿತು ಫಿಲಿಪೀನ್ಸ್ ಸೆನೆಟ್‌ನಲ್ಲಿ ಪ್ರಶ್ನೆಗಳೆದ್ದವು. ಅದೇ ವರ್ಷದ ಕೊನೆಯಲ್ಲಿ ಮನೆಗೆಲಸದವರಿಗೆ ತಿಂಗಳಿಗೆ 400 ಡಾಲರ್ ಕನಿಷ್ಠ ವೇತನ ನಿಗದಿಯಾಯಿತು. ಅವರಿಂದ ನೇಮಕಾತಿ ಶುಲ್ಕ ವಸೂಲಿ ಮಾಡುವುದನ್ನು ನಿಷೇಧಿಸಲಾಯಿತು.

ಲಿಬಿಯಾ, 2011 ಮತ್ತು 2014

2011ರಲ್ಲಿ ಲಿಬಿಯಾದಲ್ಲಿ ಸುಮಾರು 26,000 ಫಿಲಿಪಿನೊಗಳಿದ್ದರು. ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ವಿದೇಶಾಂಗ ಕಾರ್ಯದರ್ಶಿ ಆಲ್ಬರ್ಟ್ ಡೆಲ್ ರೊಸಾರಿಯೊ ಟ್ಯುನೀಷಿಯಾದಿಂದ ರಸ್ತೆಯ ಮೂಲಕ ಟ್ರಿಪೋಲಿಗೆ ತೆರಳಿ, ನೂರಾರು ಜನರನ್ನು ಗಡಿ ದಾಟಿಸಿ ಕರೆತಂದರು. 2014ರಲ್ಲಿ ಮತ್ತೆ ಕಡ್ಡಾಯ ತೆರವು ಘೋಷಣೆಯಾದಾಗ ಬಾಡಿಗೆ ಹಡಗೊಂದು ಬೆಂಗಾಜಿ, ಮಿಸ್ರಾತಾಗಳಿಂದ ನೂರಾರು ಜನರನ್ನು ಮಾಲ್ಟಾಕ್ಕೆ ಸಾಗಿಸಿತು.

ಆದರೂ ಅನೇಕ ದಾದಿಯರು ಲಿಬಿಯಾ ಬಿಡಲಿಲ್ಲ. ಅವರು ಹೊರಟರೆ ಆಸ್ಪತ್ರೆಗಳೇ ಸ್ತಬ್ಧವಾಗುವ ಸ್ಥಿತಿ ಒಂದೆಡೆ. ಊರಿನಲ್ಲಿ ಅಂಥ ಸಂಬಳ ಸಿಗದೆಂಬ ಅರಿವು ಇನ್ನೊಂದೆಡೆ. ಕಡ್ಡಾಯವೆಂದು ಸಾರಿದರೂ ಪರದೇಶದಲ್ಲಿರುವ ಪ್ರಜೆಯನ್ನು ಬಲವಂತವಾಗಿ ಹೊರಡಿಸಲು ಸರ್ಕಾರಕ್ಕೆ ಸಾಧ್ಯವಿಲ್ಲ. ಸಾಲ ತೀರದವರಿಗೆ ಬಾಂಬಿಗಿಂತ ಬಡತನವೇ ಹತ್ತಿರದ ಭಯ.

ನಮಗೇನು ಪಾಠ?

ಭಾರತದ ಬಳಿ ನೌಕಾಪಡೆಯ ಹಡಗುಗಳೂ ದೊಡ್ಡ ವಿಮಾನಗಳೂ ಇವೆ. 2015ರ ‘ಆಪರೇಷನ್ ರಾಹತ್’ನಲ್ಲಿ ಯೆಮೆನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು, ಜೊತೆಗೆ 41 ದೇಶಗಳ 960 ಜನರನ್ನು ಹೊರತರಲಾಯಿತು. ಸಂಕಷ್ಟದಲ್ಲಿರುವವರಿಗಾಗಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ಆದರೆ ಬೀಗ ಹಾಕಿದ ಮನೆಯೊಳಗಿರುವವರ ವಿಳಾಸವೇ ತಿಳಿಯದಿದ್ದರೆ ಯಾವ ಹಡಗೂ ಅವರನ್ನು ತಲುಪದು.

ಆದುದರಿಂದ ಮನೆಯವರು ವಿದೇಶಕ್ಕೆ ಹೊರಡುವ ಮುನ್ನವೇ ಪಾಸ್‌ಪೋರ್ಟ್, ವೀಸಾ ಹಾಗೂ ಕೆಲಸದ ಒಪ್ಪಂದದ ಪ್ರತಿಗಳನ್ನು ಊರಿನಲ್ಲಿ ಉಳಿಸಿಕೊಳ್ಳಬೇಕು. ಮಾಲೀಕನ ಹೆಸರು, ಪೂರ್ಣ ವಿಳಾಸ ಮತ್ತು ಒಬ್ಬ ಸಹೋದ್ಯೋಗಿಯ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿಗೆ ತಲುಪಿದ ಕೂಡಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವಂತೆ ಅವರಿಗೆ ನೆನಪಿಸಬೇಕು. ಮನೆಯ ಹಿರಿಯರಿಗೆ ಈ ಕಾಗದಪತ್ರಗಳ ಭಾಷೆ ತಿಳಿಯದಿದ್ದರೆ, ಅದನ್ನು ಓದಿ ಕನ್ನಡದಲ್ಲಿ ವಿವರಿಸುವ ಕೆಲಸವನ್ನು ನಮ್ಮ ಶಾಲೆಯ ಮಕ್ಕಳು ಮಾಡಬಲ್ಲರು. ಶಿಕ್ಷಕರಾದ ನಾವು ಜೊತೆಗಿರುತ್ತೇವೆ.